ನಮ್ಮ ತೋಟ ಕಾಯ್ದ ಕೋಲ್ಮನ್ ಸಾಹೇಬರು

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕು ಎಂದು ಸಂಪಾದಕ ಮಂಡಳಿಯ ಗೆಳೆಯರು ಮನೆಗೆ ಬಂದಾಗ ನಾನು ಅಂಗಳದಲ್ಲಿ ಅಡಿಕೆ ಹರವುತ್ತಿದ್ದೆ. ನಾನು ಬರಹಗಾರನಲ್ಲ. ಈ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಶಿವಮೊಗ್ಗದಲ್ಲಿ ಎರಡು ವರ್ಷ ಓದಿ, ತಿರುಗಿ ಊರಿಗೆ ಬಂದು ತೋಟ ಹಿಡಿದವನು. ಶಾಲೆಯ ಹಳೆಯ ಮುಖ್ಯೋಪಾಧ್ಯಾಯರ ಬಗ್ಗೆ, ಕಟ್ಟಡಕ್ಕೆ ಜಾಗ ಕೊಟ್ಟವರ ಬಗ್ಗೆ, ಕಬಡ್ಡಿ ತಂಡದ ಬಗ್ಗೆ ಬರೆಯಲು ನನಗಿಂತ ಬಲ್ಲವರು ಇದ್ದಾರೆ. ನಾನು ಬರೆಯುವುದು ನಮ್ಮ ಶಾಲೆಯನ್ನು ಎಂದೂ ನೋಡದ, ಶಾಲೆ ಹುಟ್ಟುವ ಎಷ್ಟೋ ವರ್ಷ ಮೊದಲೇ ತೀರಿಕೊಂಡ ಒಬ್ಬರ ಬಗ್ಗೆ. ಅವರು ನಮ್ಮ ಸೀಮೆಗೆ ಬಾರದೆ ಇದ್ದಿದ್ದರೆ ಈ ಶಾಲೆಯ ಹಾಜರಿ ಪುಸ್ತಕದಲ್ಲಿ ನನ್ನಂಥ ಅನೇಕರ ಹೆಸರು ಹತ್ತನೇ ತರಗತಿಯವರೆಗೆ ಉಳಿಯುತ್ತಿರಲಿಲ್ಲ. ಅವರ ಹೆಸರು ಡಾಕ್ಟರ್ ಲೆಸ್ಲಿ ಕೋಲ್ಮನ್. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದವರು.

ಅವರ ಹೆಸರನ್ನು ನಾನು ಮೊದಲು ಕೇಳಿದ್ದು ಒಂಬತ್ತನೇ ತರಗತಿಯ ವಿಜ್ಞಾನ ಪಾಠದಲ್ಲಿ. ಆಗ ನಮಗೆ ಪ್ರಯೋಗಾಲಯ ಎಂದರೆ ಒಂದು ಮರದ ಕಪಾಟು, ನಾಲ್ಕು ಗಾಜಿನ ಲೋಟ, ಒಂದಷ್ಟು ಸೀಸೆ. ಮೇಷ್ಟ್ರು ಒಂದು ಲೋಟದಲ್ಲಿ ಮೈಲುತುತ್ತ ಕರಗಿಸಿ ಅದರೊಳಗೆ ಕಬ್ಬಿಣದ ಮೊಳೆ ಇಳಿಬಿಟ್ಟರು. ಸ್ವಲ್ಪ ಹೊತ್ತಿಗೆ ಮೊಳೆಯ ಮೇಲೆ ತಾಮ್ರ ಕೆಂಪಗೆ ಹತ್ತಿಕೊಂಡಿತು. ಕಬ್ಬಿಣವು ದ್ರಾವಣದಲ್ಲಿರುವ ತಾಮ್ರವನ್ನು ಹೊರಗೆ ತಳ್ಳುತ್ತದೆ ಎಂದು ಅವರು ವಿವರಿಸುತ್ತಿರುವಾಗ ನಾನು ಎದ್ದು ನಿಂತು, ಇದನ್ನು ನಮ್ಮಮ್ಮ ಪ್ರತಿ ವರ್ಷ ಮಾಡುತ್ತಾರೆ ಎಂದುಬಿಟ್ಟೆ. ತರಗತಿಯೆಲ್ಲ ನಕ್ಕಿತು. ಮೇಷ್ಟ್ರು ನಗಲಿಲ್ಲ. ಹೇಗೆ ಎಂದು ಕೇಳಿದರು. ಅಡಿಕೆಗೆ ಹೊಡೆಯುವ ಔಷಧಿ ತಯಾರಾದ ಮೇಲೆ ಅಮ್ಮ ಉಜ್ಜಿದ ಚೂರಿಯೊಂದನ್ನು ಅದರಲ್ಲಿ ಅದ್ದಿ ನೋಡುತ್ತಾರೆ, ಕೆಂಪಗಾದರೆ ಇನ್ನಷ್ಟು ಸುಣ್ಣ ಸೇರಿಸುತ್ತಾರೆ, ಚೂರಿ ಇದ್ದ ಹಾಗೇ ಇದ್ದರೆ ಔಷಧಿ ಹದವಾಯಿತು ಎನ್ನುತ್ತಾರೆ ಎಂದೆ.

ಮೇಷ್ಟ್ರು ಬಯಲುಸೀಮೆಯವರು. ಅವರಿಗೆ ಅದು ಹೊಸ ಸಂಗತಿ. ಪಾಠ ಅಲ್ಲಿಗೇ ನಿಲ್ಲಿಸಿ, ಆ ಔಷಧಿಯನ್ನು ನಮ್ಮ ಮಲೆನಾಡಿಗೆ ತಂದವರು ಯಾರು ಗೊತ್ತೇ ಎಂದು ಎಲ್ಲರನ್ನೂ ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ನಮ್ಮ ಪಾಲಿಗೆ ಅದು ಮಳೆಯಷ್ಟೇ ಹಳೆಯದು. ಮೇಷ್ಟ್ರು ಕೋಲ್ಮನ್ ಎಂಬ ಹೆಸರನ್ನು ಕಪ್ಪು ಹಲಗೆಯ ಮೇಲೆ ಬರೆದು, ಈ ಔಷಧಿ ಬರುವ ಮೊದಲು ಊರಿನಲ್ಲಿ ಏನು ಮಾಡುತ್ತಿದ್ದರು ಎಂದು ಮನೆಯ ಹಿರಿಯರನ್ನು ಕೇಳಿಕೊಂಡು ಬನ್ನಿ ಎಂದರು. ನನ್ನ ಜೀವಮಾನದಲ್ಲಿ ಇಷ್ಟಪಟ್ಟು ಮಾಡಿದ ಮನೆಗೆಲಸ ಅದೊಂದೇ ಇರಬೇಕು.

ಅಜ್ಜ ಆಗಿನ್ನೂ ಇದ್ದರು. ಕೇಳಿದ್ದೇ ತಡ, ಜಗುಲಿಯ ಮೇಲೆ ಕೂತು ಕೊಟ್ಟೆಯ ಕಾಲದ ಕಥೆ ತೆಗೆದರು. ಮಲೆನಾಡಿನ ಮಳೆಯಲ್ಲಿ ಎಳೆಯ ಅಡಿಕೆಕಾಯಿಗೆ ಕೊಳೆ ಬರುತ್ತದೆ. ಮೊದಲು ಕಾಯಿಯ ತೊಟ್ಟಿನ ಬಳಿ ನೀರು ಕುಡಿದಂತೆ ಒಂದು ಕಪ್ಪು ಮಚ್ಚೆ. ನಾಲ್ಕು ದಿನದಲ್ಲಿ ಕಾಯಿಯೆಲ್ಲ ಹಸಿರುಗಪ್ಪು. ಆಮೇಲೆ ಮರದ ಬುಡದಲ್ಲಿ ಉದುರಿದ ಕಾಯಿಗಳ ಹಾಸಿಗೆ, ಅವುಗಳ ಮೇಲೆ ಬೂದಿ ಎರಚಿದಂಥ ಬಿಳಿ ಬೂಸಲು. ಒಂದು ಕೊನೆಗೆ ಹತ್ತಿದ್ದು ಇಡೀ ತೋಟಕ್ಕೆ, ಒಂದು ತೋಟಕ್ಕೆ ಹತ್ತಿದ್ದು ಪಕ್ಕದ ತೋಟಕ್ಕೆ. ಇದನ್ನು ತಡೆಯಲು ಹಿಂದಿನವರು ಕಂಡುಕೊಂಡಿದ್ದ ಉಪಾಯ ಕೊಟ್ಟೆ. ಅಡಿಕೆ ಹಾಳೆಯಿಂದಲೋ ಕರಡದ ಹುಲ್ಲಿನಿಂದಲೋ ಟೊಪ್ಪಿಯಂಥದನ್ನು ಹೆಣೆದು, ಮಳೆಗಾಲದ ಮೊದಲು ಪ್ರತಿ ಮರ ಹತ್ತಿ, ಪ್ರತಿ ಕೊನೆಗೂ ಅದನ್ನು ಕಟ್ಟಬೇಕು. ಬೇಸಿಗೆಯ ರಾತ್ರಿಗಳೆಲ್ಲ ಕೊಟ್ಟೆ ಹೆಣೆಯುವುದರಲ್ಲೇ ಕಳೆಯುತ್ತಿದ್ದವಂತೆ. ಗಾಳಿಮಳೆಗೆ ಕೊಟ್ಟೆ ಹಾರಿದರೆ ಮಾಡಿದ ಕೆಲಸವೆಲ್ಲ ನೀರುಪಾಲು. ಹೆಣೆಯಲು ಕೈ ಸಾಲದ ಬಡವರ ಮನೆಯ ಫಸಲು ಮಳೆರಾಯನ ಮರ್ಜಿ.

ಇಂಥ ಸೀಮೆಗೆ ಕೋಲ್ಮನ್ ಬಂದರು. ಅವರು ಹುಟ್ಟಿದ್ದು 1878ರಲ್ಲಿ, ಕೆನಡಾ ದೇಶದ ಒಂಟಾರಿಯೋ ಪ್ರಾಂತದಲ್ಲಿ. ವರ್ಷದಲ್ಲಿ ಎಷ್ಟೋ ತಿಂಗಳು ಹಿಮ ಬೀಳುವ ನಾಡು. ಅಡಿಕೆ ಮರ ಅಲ್ಲಿ ಬದುಕುವ ಮಾತೇ ಇಲ್ಲ. ಟೊರಾಂಟೋ ವಿಶ್ವವಿದ್ಯಾಲಯದಲ್ಲಿ ಓದಿದರು. ಮುಂದೆ ಜರ್ಮನಿಯ ಗಟಿಂಗನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದರು. 1908ರಲ್ಲಿ, ಮೂವತ್ತರ ಹರೆಯದಲ್ಲಿ, ಮೈಸೂರು ಸಂಸ್ಥಾನದ ಕೆಲಸಕ್ಕೆ ಸೇರಿದರು. ಬೆಳೆಗೆ ಬರುವ ಬೂಷ್ಟು ರೋಗಗಳನ್ನೂ ಕೀಟಗಳನ್ನೂ ಅಭ್ಯಾಸ ಮಾಡುವುದು ಅವರಿಗೆ ಒಪ್ಪಿಸಿದ ಕೆಲಸ. ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ. ಬೆಂಗಳೂರಿನ ಹೆಬ್ಬಾಳದಲ್ಲಿ 1899ರಲ್ಲಿ ವಾಣಿವಿಲಾಸ ಸನ್ನಿಧಾನದವರು ಕೊಟ್ಟ 30 ಎಕರೆ ಜಮೀನಿನಲ್ಲಿ ಒಂದು ಪ್ರಯೋಗ ಕ್ಷೇತ್ರ ನಡೆಯುತ್ತಿತ್ತು. ಡಾಕ್ಟರ್ ಲೇಮನ್ ಎಂಬ ರಸಾಯನಶಾಸ್ತ್ರಜ್ಞರು ಅದನ್ನು ಕಟ್ಟಿದ್ದರು. ಕೋಲ್ಮನ್ ಅಲ್ಲಿಂದ ಕೆಲಸ ಶುರುಮಾಡಿದರು.

ಹೆಬ್ಬಾಳದಲ್ಲಿ ಕೂತರೆ ಅಡಿಕೆಯ ಕೊಳೆ ಕಾಣುವುದಿಲ್ಲ. ಅದನ್ನು ನೋಡಬೇಕಾದರೆ ಮಳೆಗಾಲದಲ್ಲೇ ಮಲೆನಾಡಿಗೆ ಬರಬೇಕು. ಆ ಕಾಲಕ್ಕೆ ರೈಲು ಶಿವಮೊಗ್ಗಕ್ಕೆ ಮುಗಿಯುತ್ತಿತ್ತು. ಅಲ್ಲಿಂದ ಈಚೆಗೆ ಎತ್ತಿನ ಗಾಡಿ, ಕಾಲುದಾರಿ, ಕೆಸರು, ಇಂಬಳ. ಚಳಿಜ್ವರದ ಭಯಕ್ಕೆ ಸರ್ಕಾರಿ ನೌಕರರು ಮಲೆನಾಡಿನ ವರ್ಗ ಎಂದರೆ ಹೆದರುತ್ತಿದ್ದ ದಿನಗಳು ಅವು. ಅಂಥಲ್ಲಿ ಈ ಮನುಷ್ಯ ಕೊಳೆತ ಅಡಿಕೆಕಾಯಿಗಳ ಹಿಂದೆ ಬಿದ್ದರು. ಈ ರೋಗ ಕಣ್ಣಿಗೆ ಕಾಣದ ಬೂಷ್ಟಿನ ಜಾತಿಯ ಒಂದು ಜೀವಿಯಿಂದ ಬರುತ್ತದೆ, ನೀರಿನಲ್ಲಿ ಈಜಬಲ್ಲ ಅದರ ಸೂಕ್ಷ್ಮ ಬೀಜಕಣಗಳು ಮಳೆಹನಿಯ ಸಿಡಿತದಲ್ಲಿ, ಗಾಳಿಯಲ್ಲಿ ಕೊನೆಯಿಂದ ಕೊನೆಗೆ ಹರಡುತ್ತವೆ ಎಂಬುದು ಇವತ್ತು ನಮ್ಮ ಮಕ್ಕಳಿಗೂ ಗೊತ್ತು. ಆಲೂಗೆಡ್ಡೆಗೆ ಅಂಗಮಾರಿ ತರುವ ಜೀವಿಯ ದಾಯಾದಿ ಅದು. ಆ ರೋಗಾಣುವನ್ನು ಹಿಡಿದು ಅಭ್ಯಾಸ ಮಾಡಿದವರು ಕೋಲ್ಮನ್. ಬಂದ ಎರಡೇ ವರ್ಷಕ್ಕೆ, 1910ರಲ್ಲಿ, ಕೊಳೆರೋಗದ ಮೇಲೆ ಅವರ ವರದಿಯನ್ನು ಇಲಾಖೆ ಅಚ್ಚುಹಾಕಿತು. ನಮ್ಮ ಕೊಳೆರೋಗ ಎಂಬ ಕನ್ನಡದ ಹೆಸರೇ ಲೋಕದ ವಿಜ್ಞಾನದ ಪುಸ್ತಕಗಳಲ್ಲಿ ನಿಂತಿದೆ.

ಔಷಧಿಯನ್ನು ಅವರು ಹೊಸದಾಗಿ ಕಂಡುಹಿಡಿಯಲಿಲ್ಲ. ಇದನ್ನು ಹೇಳಿದರೆ ಅವರ ಹಿರಿಮೆ ಕಡಿಮೆಯಾಗುವುದಿಲ್ಲ ಎಂದು ನನ್ನ ಭಾವನೆ. ಮೈಲುತುತ್ತ ಮತ್ತು ಸುಣ್ಣದ ಆ ಮಿಶ್ರಣ ಫ್ರಾನ್ಸ್ ದೇಶದ ಬೋರ್ಡೋ ಸೀಮೆಯದು. ಅಲ್ಲಿನ ದ್ರಾಕ್ಷಿ ಬಳ್ಳಿಯ ಬೂಜುರೋಗಕ್ಕೆ 1885ರ ಸುಮಾರಿಗೆ ಅದು ಬಳಕೆಗೆ ಬಂತು. ದ್ರಾಕ್ಷಿ ಬಳ್ಳಿ ಆಳೆತ್ತರದ್ದು. ನಿಂತಲ್ಲಿಂದಲೇ ಔಷಧಿ ಎರಚಬಹುದು. ನಮ್ಮ ಅಡಿಕೆ ಮರ ಮುಗಿಲಿಗೆ ಮುಖ ಮಾಡಿದ್ದು. ದ್ರಾಕ್ಷಿಗೆ ಹೊಂದಿದ್ದನ್ನು ಅಡಿಕೆಗೆ ಹೊಂದಿಸಬೇಕು, ನೂರಾರು ಅಂಗುಲ ಮಳೆಯಲ್ಲೂ ಅದು ಕೊನೆಯ ಮೇಲೆ ನಿಲ್ಲಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಸಣ್ಣ ಹಿಡುವಳಿದಾರನ ಕೈಗೆ ಎಟುಕಬೇಕು. ಕೋಲ್ಮನ್ ಪ್ರಯೋಗ ಮಾಡಿ ತೋರಿಸಿದ್ದು ಇದನ್ನು. ಮರದ ತುದಿಯಲ್ಲಿ ಕೊನೆಗಳಿಗೇ ದ್ರಾವಣ ಸಿಂಪಡಿಸಿದರೆ ಕಡಿಮೆ ಖರ್ಚಿನಲ್ಲಿ ಕೊಳೆ ನಿಲ್ಲುತ್ತದೆ ಎಂದು ಗೊತ್ತಾಯಿತು.

ಅಂದಿನಿಂದ ಇಂದಿನವರೆಗೆ ಲೆಕ್ಕ ಬದಲಾಗಿಲ್ಲ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮೈಲುತುತ್ತವನ್ನು ಬೇರೆ ಕರಗಿಸಬೇಕು, ಸುಣ್ಣವನ್ನು ಬೇರೆ. ಲೋಹದ ಪಾತ್ರೆ ಕೂಡದು, ಮರದ ಪೀಪಾಯಿಯೋ ಮಣ್ಣಿನ ಬಾನಿಯೋ ಆಗಬೇಕು. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕೇ ಹೊರತು ಸುಣ್ಣವನ್ನು ಅದಕ್ಕೆ ಸುರಿಯಬಾರದು. ಆಮೇಲೆ ಅಮ್ಮನ ಚೂರಿ ಪರೀಕ್ಷೆ. ಮಳೆಗೆ ತೊಳೆದುಹೋಗದಿರಲು ರಾಳ ಮತ್ತು ಸೋಡಾ ಕುದಿಸಿದ ಅಂಟು. ರೋಹಿಣಿ ಮಳೆ ಮುಗಿದು ಮೃಗಶಿರ ಹಿಡಿಯುವ ಮೊದಲು ಒಂದು ಸಲ, ಅಲ್ಲಿಂದ ನಲವತ್ತು ನಲವತ್ತೈದು ದಿನಕ್ಕೆ ಹೊಳವು ನೋಡಿಕೊಂಡು ಇನ್ನೊಂದು ಸಲ. ಉದುರಿದ ಕೊಳೆಕಾಯಿಗಳನ್ನು ತೋಟದಲ್ಲಿ ಬಿಡದೆ ಹೆಕ್ಕಿ ಸುಡಬೇಕು. ಓದು ಬರಹ ಬಾರದ ನಮ್ಮಮ್ಮ ಇಷ್ಟನ್ನೂ ಒಂದೂ ತಪ್ಪದೆ ಮಾಡುತ್ತಿದ್ದರು. ವಿಜ್ಞಾನವೊಂದು ಅಡುಗೆಯಷ್ಟು ಸಲೀಸಾಗಿ ಹಿತ್ತಲಿಗೆ ಬಂದು ನಿಂತಿದ್ದನ್ನು ನಾನು ಕಂಡಿದ್ದು ಅಲ್ಲಿಯೇ.

ಈ ಔಷಧಿಗೆ ಒಂದು ಷರತ್ತು ಉಂಟು. ಇಡೀ ಊರು ಹೊಡೆದರೆ ಅದರ ಫಲ ಪೂರ್ತಿ. ನಾನೊಬ್ಬ ಹೊಡೆದು ಪಕ್ಕದವನು ಬಿಟ್ಟರೆ ಅವನ ತೋಟದ ಕೊಳೆ ಮಳೆಗಾಳಿಯಲ್ಲಿ ನನ್ನ ತೋಟಕ್ಕೂ ಬರುತ್ತದೆ. ಈ ಮಾತಿನ ಅರ್ಥ ನನಗೆ ಆದದ್ದು ಮೇಷ್ಟ್ರ ಪಾಠದ ಮುಂದಿನ ವರ್ಷ. ಆ ಪ್ರಸಂಗ ಹೇಳದಿದ್ದರೆ ಈ ಲೇಖನ ಬರೆದೂ ಸುಖವಿಲ್ಲ.

ನಾನು ಆಗ ಹತ್ತನೇ ತರಗತಿಗೆ ಬಂದಿದ್ದೆ. ಶಾಲೆ ಶುರುವಾಗುವ ಹೊತ್ತಿಗೆ, ಮೊದಲ ಔಷಧಿಗೆ ಇನ್ನು ವಾರವಿದೆ ಎನ್ನುವಾಗ, ಅಪ್ಪಯ್ಯ ತೋಟದ ಸಂಕದಿಂದ ಜಾರಿ ಬಿದ್ದು ಕಾಲು ಮುರಿದುಕೊಂಡರು. ಕೈಯಲ್ಲಿದ್ದ ಹಣ ಆಸ್ಪತ್ರೆಗೆ ಹೋಯಿತು. ಮೈಲುತುತ್ತ ತಂದಿರಲಿಲ್ಲ. ಕೊನೆಗೌಡನಿಗೆ ಹೇಳಿರಲಿಲ್ಲ. ಅಜ್ಜ ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಿದ್ದರು. ನಾನು ಶಾಲೆ ಬಿಟ್ಟು ಮನೆ ಹಿಡಿಯುವುದು ಎಂದು ಅಪ್ಪಯ್ಯ ಮಲಗಿದಲ್ಲಿಂದಲೇ ತೀರ್ಮಾನಿಸಿದರು. ತಂಗಿಯರಿಬ್ಬರು ಸಣ್ಣವರು. ಅಮ್ಮ ಎದುರಾಡಲಿಲ್ಲ, ಒಳಗೆ ಹೋಗಿ ಒಲೆಯ ಮುಂದೆ ಕೂತರು. ಎರಡು ದಿನ ನಾನು ಶಾಲೆಗೆ ಹೋಗಲಿಲ್ಲ.

ನಮ್ಮ ತೋಟದ ಕೆಳಗಿನದು ಕೆಳಮನೆ ದೊಡ್ಡಪ್ಪನ ತೋಟ. ರಕ್ತಸಂಬಂಧವಲ್ಲ, ಊರ ಸಂಬಂಧ. ಎರಡು ತೋಟದ ನಡುವಿನ ಬಸಿಗಾಲುವೆಯ ವಿಷಯಕ್ಕೆ ಅಪ್ಪಯ್ಯನಿಗೂ ಅವರಿಗೂ ಮೂರು ವರ್ಷದಿಂದ ಮಾತಿರಲಿಲ್ಲ. ಮದುವೆ ಮನೆಯ ಪಂಕ್ತಿಯಲ್ಲಿ ಎದುರುಬದುರು ಕೂರುತ್ತಿರಲಿಲ್ಲ. ಮೂರನೆಯ ದಿನ ಬೆಳಗ್ಗೆ ಅದೇ ದೊಡ್ಡಪ್ಪ ನಮ್ಮ ಅಂಗಳಕ್ಕೆ ಬಂದರು. ಹಿಂದೆ ಕೊನೆಗೌಡ, ಪಂಪು ಹೊತ್ತ ಇಬ್ಬರು ಆಳು, ತಲೆಯ ಮೇಲೆ ಸುಣ್ಣದ ಬುಟ್ಟಿ ಇಟ್ಟುಕೊಂಡ ದೊಡ್ಡಮ್ಮ. ಅಪ್ಪಯ್ಯ ಮಲಗಿದ್ದ ಕೋಣೆಯ ಕಡೆ ಅವರು ನೋಡಲೂ ಇಲ್ಲ. ಅಮ್ಮನ ಹತ್ತಿರ ಬಾನಿ ತೊಳೆದಿಡಲು ಹೇಳಿ, ನನ್ನನ್ನು ನೀರು ಹೊರಲು ಕಳಿಸಿದರು. ಅವರ ತೋಟಕ್ಕೆಂದು ತಂದ ಮೈಲುತುತ್ತವನ್ನೇ ಬಿಚ್ಚಿದರು.

ಕೊನೆಗೌಡ ತಳೆಯನ್ನು ಕಾಲಿಗೆ ಸಿಕ್ಕಿಸಿ ಮರ ಏರಿದ. ಒಂದು ಮರ ಮುಗಿದರೆ ಇಳಿಯದೆ ಅಲ್ಲಿಂದಲೇ ಮುಂದಿನ ಮರವನ್ನು ಎಳೆದುಕೊಂಡು ದಾಟಿದ. ಕೆಳಗೆ ಪಂಪು ಒತ್ತುವವರು ಒತ್ತುತ್ತಿದ್ದರು. ಮೇಲಿಂದ ನೀಲಿ ಹನಿ ನಮ್ಮ ತಲೆ, ಹೆಗಲು, ಅಂಗಿಯ ಮೇಲೆಲ್ಲ ಬೀಳುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಮೇಲಿನಮನೆಯವರೂ ಇನ್ನಿಬ್ಬರೂ ಬಂದು ಸೇರಿಕೊಂಡರು. ನಮ್ಮ ಕಡೆ ಇದಕ್ಕೆ ಮುಯ್ಯಾಳು ಎನ್ನುತ್ತೇವೆ. ಇವತ್ತು ನನ್ನ ಮನೆಗೆ ನೀನು ದುಡಿದರೆ ನಾಳೆ ನಿನ್ನ ಮನೆಗೆ ನಾನು. ಆದರೆ ಆ ದಿನ ಬಂದವರಿಗೆಲ್ಲ ನಮ್ಮ ಮನೆಯಿಂದ ಮುಯ್ಯಿ ತೀರಿಸಲು ಒಬ್ಬ ಗಂಡಾಳು ಎದ್ದು ನಿಲ್ಲುವ ಸ್ಥಿತಿಯಲ್ಲಿಲ್ಲ ಎಂದು ಅವರಿಗೆಲ್ಲ ಗೊತ್ತಿತ್ತು. ಎರಡೂವರೆ ದಿನದಲ್ಲಿ ತೋಟ ಮುಗಿಯಿತು. ಮರುದಿನ ಸಂಜೆ ಮೃಗಶಿರ ಸುರಿಯಲು ಶುರು.

ಹೊರಡುವಾಗ ದೊಡ್ಡಪ್ಪ ಅಮ್ಮನಿಗೆ ಹೇಳಿದ್ದು ಇಷ್ಟೇ. ಮೇಲಿನ ತೋಟಕ್ಕೆ ಕೊಳೆ ಬಂದರೆ ಕೆಳಗಿನ ತನ್ನ ತೋಟ ಉಳಿಯುವುದಿಲ್ಲ, ಇದು ತನ್ನ ತೋಟಕ್ಕೆ ತಾನು ಮಾಡಿಕೊಂಡ ಕೆಲಸ, ಉಪಕಾರ ಅಂತ ಯಾರೂ ತಿಳಿಯಬೇಕಾಗಿಲ್ಲ. ಹದಿನೈದು ವರ್ಷದ ನನಗೆ ಆ ಮಾತು ಚುಚ್ಚಿತು. ತಮ್ಮ ಲಾಭಕ್ಕೆ ಬಂದವರು ಎಂದುಕೊಂಡೆ. ಪುಷ್ಯ ಮಳೆಯ ಹೊಳವಿನಲ್ಲಿ ಎರಡನೆಯ ಔಷಧಿಗೂ ಅವರೇ ಬಂದರು. ಆ ವರ್ಷ ನಮ್ಮ ತೋಟದಲ್ಲಿ ಕೊಳೆ ಬೀಳಲಿಲ್ಲ. ಫಸಲು ಕೈಗೆ ಬಂದು ಆಳಿಗೆ ಕೊಡಲು ಹಣ ಆಗುತ್ತದೆ ಎಂಬ ಧೈರ್ಯ ಬಂದಾಗ ಅಪ್ಪಯ್ಯ ನನ್ನನ್ನು ಕರೆದು ಶಾಲೆಗೆ ಹೋಗು ಎಂದರು. ನಡುವೆ ತಪ್ಪಿಹೋದ ಪಾಠಗಳನ್ನು ಮೇಷ್ಟ್ರು ಸಂಜೆ ಕೂರಿಸಿಕೊಂಡು ಹೇಳಿಕೊಟ್ಟರು. ಮಾರ್ಚಿಯಲ್ಲಿ ಪರೀಕ್ಷೆ ಬರೆದೆ.

ದೊಡ್ಡಪ್ಪನ ಮಾತು ಒಂದು ಮರ್ಯಾದೆ ಎಂದು ನನಗೆ ತಿಳಿದದ್ದು ನಾನೇ ತೋಟದ ಯಜಮಾನನಾದ ಮೇಲೆ. ಅವರದು ನಿಜವಾಗಿ ಸ್ವಾರ್ಥವೇ ಆಗಿದ್ದರೆ ನಮ್ಮ ತೋಟದ ಕೆಳಸಾಲುಗಳಿಗೆ ಹೊಡೆದು ಹೋಗಬಹುದಿತ್ತು. ಅವರು ಗುಡ್ಡದ ಬುಡದ ಕೊನೆಯ ಮರದವರೆಗೆ ಹೊಡೆಸಿದ್ದರು. ಮಲಗಿದವನ ಮನಸ್ಸಿಗೆ ಋಣದ ಭಾರ ಆಗದಿರಲಿ ಎಂದು ಅದಕ್ಕೆ ಲಾಭದ ಹೆಸರು ಕೊಟ್ಟಿದ್ದರು, ಅಷ್ಟೇ. ಹಳ್ಳಿಯ ಒಳ್ಳೆಯತನ ಹೆಚ್ಚಾಗಿ ಹೀಗೇ ಮುಖ ಮುಚ್ಚಿಕೊಂಡು ಬರುತ್ತದೆ. ಬಸಿಗಾಲುವೆಯ ಜಗಳವೂ ಆ ದೀಪಾವಳಿಗೆ ಮುಗಿಯಿತು. ಅಪ್ಪಯ್ಯ ಕೋಲು ಊರಿಕೊಂಡು ಕೆಳಮನೆಗೆ ಹೋಗಿ ಬಂದರು. ಅಲ್ಲಿ ಏನು ಮಾತಾಡಿದರೋ ಇಬ್ಬರೂ ಯಾರಿಗೂ ಹೇಳಲಿಲ್ಲ.

ಈಗ ಮತ್ತೆ ಕೋಲ್ಮನ್ ಅವರ ಕಥೆಗೆ ಬರುತ್ತೇನೆ. ಅಡಿಕೆಯೊಂದೇ ಅವರ ಕೆಲಸವಾಗಿರಲಿಲ್ಲ. ಬಯಲುಸೀಮೆಯಲ್ಲಿ ಜೋಳದ ಪೈರನ್ನು ತಿಂದುಹಾಕುವ, ಹಾರಲು ಬಾರದ ಒಂದು ಮಿಡತೆ ಇತ್ತು. ಅದರ ಹುಟ್ಟು, ಬೆಳವಣಿಗೆ, ಅಭ್ಯಾಸಗಳನ್ನು ಅವರು ಕೂಲಂಕಷವಾಗಿ ನೋಡಿದರು. ಆ ಮಿಡತೆಯ ಕುಲಕ್ಕೆ ವಿಜ್ಞಾನಿಗಳು ಕೋಲ್ಮನಿಯ ಎಂದು ಅವರ ಹೆಸರನ್ನೇ ಇಟ್ಟರು. ಈ ಕೆಲಸದಲ್ಲಿ ಅವರ ಜೊತೆಗಿದ್ದವರು ಕುನ್ಹಿ ಕಣ್ಣನ್ ಎಂಬ ಮಲಯಾಳಿ ತರುಣ. ಸಹಾಯಕರಾಗಿ ಸೇರಿದ ಕಣ್ಣನ್ ಮುಂದೆ ಸಂಸ್ಥಾನದ ಕೀಟಶಾಸ್ತ್ರಜ್ಞರಾದರು. ಕೊಳೆರೋಗದ ಅಭ್ಯಾಸವನ್ನು ಮುಂದುವರಿಸಿದವರು ಎಂ. ಜೆ. ನರಸಿಂಹನ್. ವರದಿಗಳಲ್ಲಿ ಕೋಲ್ಮನ್ ತಮ್ಮ ಹೆಸರಿನ ಪಕ್ಕದಲ್ಲಿ ಈ ಸಹೋದ್ಯೋಗಿಗಳ ಹೆಸರುಗಳನ್ನೂ ಹಾಕಿದರು. ಪರದೇಶದ ಅಧಿಕಾರಿಯ ಕೆಳಗೆ ನಮ್ಮವರು ಬರಿಯ ಗುಮಾಸ್ತರಾಗಿ ಉಳಿಯುತ್ತಿದ್ದ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ.

ಮೈಸೂರಿನ ಹೆಮ್ಮೆಯಾದ ಶ್ರೀಗಂಧದ ಮರಗಳು ಎಲೆ ಮುರುಟಿ, ಮುಳ್ಳಿನಂತಾಗಿ ಸಾಯುವ ರೋಗವೊಂದು ಆಗ ಕಾಡುಗಳನ್ನು ತಿನ್ನುತ್ತಿತ್ತು. ರೋಗದ ಮರದ ಕೊಂಬೆಯನ್ನು ಒಳ್ಳೆಯ ಮರಕ್ಕೆ ಕಸಿ ಕಟ್ಟಿದರೆ ರೋಗ ದಾಟುತ್ತದೆ, ಆದ್ದರಿಂದ ಇದು ಅಂಟುರೋಗ ಎಂದು 1917ರಲ್ಲಿ ತೋರಿಸಿದವರು ಕೋಲ್ಮನ್. ಕಾಫಿಯ ಕೊಳೆರೋಗದ ಮೇಲೂ ಅವರು ದುಡಿದರು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರ ಶುರುವಾಯಿತು. ಇಂದಿಗೂ ದೇಶದ ಕಾಫಿ ಬೆಳೆಗಾರರೆಲ್ಲ ಆ ಕೇಂದ್ರದ ಕಡೆ ನೋಡುತ್ತಾರೆ.

1913ರಲ್ಲಿ ಅವರು ಕೃಷಿ ನಿರ್ದೇಶಕರಾದರು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲ. ಅದೇ ವರ್ಷ ಹೆಬ್ಬಾಳದಲ್ಲಿ ವ್ಯವಸಾಯದ ಶಾಲೆ ತೆರೆಯಿತು. ಬೇಸಾಯಗಾರರೂ ಇಲಾಖೆಯವರೂ ಒಟ್ಟಿಗೆ ಸೇರುವ ಮೈಸೂರು ಕೃಷಿ ಮತ್ತು ಪ್ರಯೋಗ ಸಂಘ ಹುಟ್ಟಿ, 1919ರಿಂದ ಅದರ ಪತ್ರಿಕೆ ಬರತೊಡಗಿತು. ಕಾವೇರಿಯ ನೀರು ಮಂಡ್ಯದ ಬಯಲಿಗೆ ಹರಿಯುವ ಹೊತ್ತಿಗೆ, ಮಳೆಯ ರಾಗಿಯನ್ನೇ ನಂಬಿದ್ದ ರೈತನಿಗೆ ಕಾಲುವೆಯ ನೀರಿನಲ್ಲಿ ಏನು ಬೆಳೆಯಬೇಕು ಎಂಬ ಪ್ರಶ್ನೆ ಎದುರಾಯಿತು. 1931ರಲ್ಲಿ ಮಂಡ್ಯದಲ್ಲಿ ಇರ್ವಿನ್ ಕಾಲುವೆಯ ಹೆಸರಿನಲ್ಲಿ ಒಂದು ಪ್ರಯೋಗ ಕ್ಷೇತ್ರ ಆರಂಭವಾಯಿತು. ಕಾಲುವೆಗೆ ವಿಶ್ವೇಶ್ವರಯ್ಯನವರ ಹೆಸರು ಬಂದ ಮೇಲೆ ಅದೇ ಈಗಿನ ವಿ. ಸಿ. ಫಾರಂ. ಕಬ್ಬು ಬೆಳೆದರೆ ಅದನ್ನು ಅರೆಯಲು ಕಾರ್ಖಾನೆ ಬೇಕಲ್ಲ. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಅದರ ಹಿಂದೆಯೂ ಕೋಲ್ಮನ್ ಅವರ ದುಡಿಮೆ ಇತ್ತು. ಇವತ್ತಿಗೂ ಮಂಡ್ಯದವರು ಅವರನ್ನು ನೆನೆಯುತ್ತಾರೆ.

1934ರಲ್ಲಿ ಅವರು ನಿವೃತ್ತರಾಗಿ ತಾಯ್ನಾಡಿಗೆ ಮರಳಿದರು. ಮೂವತ್ತರಲ್ಲಿ ಬಂದವರು ಐವತ್ತಾರರಲ್ಲಿ ಹೋದರು. ಬಾಳಿನ ಗಟ್ಟಿ ಕಾಲವೆಲ್ಲ, ಹತ್ತಿರ ಹತ್ತಿರ 26 ವರ್ಷ, ನಮ್ಮ ಸಂಸ್ಥಾನದ ಹೊಲ ತೋಟಗಳಿಗೆ ಸಂದಿತು. 1946ರಲ್ಲಿ ಹೆಬ್ಬಾಳದಲ್ಲಿ ಕೃಷಿ ಕಾಲೇಜು ಆಯಿತು. ಮುಂದೆ 1964ರಲ್ಲಿ ಅದೇ ನೆಲೆಯಿಂದ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಎದ್ದಿತು. ಅದನ್ನು ನೋಡಲು ಅವರಿರಲಿಲ್ಲ. 1954ರಲ್ಲಿ ತೀರಿಕೊಂಡಿದ್ದರು.

ಅವರ ಬಾಳನ್ನು ಯೋಚಿಸಿದಾಗ ನನಗೆ ಹಿಡಿಸುವುದು ಒಂದು ವಿಷಯ. ಅವರು ಕೊಟ್ಟ ಮದ್ದು ಪೇಟೆಯ ಅಂಗಡಿಯಲ್ಲಿ ಮೊಹರು ಮಾಡಿದ ಡಬ್ಬಿಯಲ್ಲಿ ಬರುವಂಥದ್ದಲ್ಲ. ಹಳ್ಳಿಯ ಹೆಂಗಸು ತನ್ನ ಹಿತ್ತಲಿನಲ್ಲಿ ಕಲಸಿ, ತನ್ನ ಚೂರಿಯಿಂದಲೇ ಹದ ನೋಡಿಕೊಳ್ಳುವಂಥದ್ದು. ಇನ್ನೊಂದು ಮಾತನ್ನೂ ಸೇರಿಸಬೇಕು. ಕೋಲ್ಮನ್ ಅವರಿಂದ ಮದ್ದು ಬಂತು, ನಿಜ. ಅದನ್ನು ಮೂವತ್ತು ನಲವತ್ತು ಅಡಿ ಎತ್ತರಕ್ಕೆ ಒಯ್ದವರು ಕೊನೆಗೌಡರು. ಜಾರುವ ಮರದ ಮೇಲೆ ಜೀವ ಒತ್ತೆಯಿಟ್ಟು ಹೊಡೆದ ಅವರ ಹೆಸರು ಯಾವ ವರದಿಯಲ್ಲೂ ಇಲ್ಲ. ಅದನ್ನು ಊರಿಗೆಲ್ಲ ಹರಡಿದ್ದು ನೆರೆಹೊರೆ. ಇವರೆಲ್ಲ ಕೈಜೋಡಿಸದಿದ್ದರೆ ವಿಜ್ಞಾನ ಪುಸ್ತಕದಲ್ಲೇ ಇರುತ್ತಿತ್ತು, ಕಾಯಿ ನೆಲದ ಮೇಲಿರುತ್ತಿತ್ತು.

ಈಗ ಕಾಲ ಬದಲಾಗಿದೆ. ಮರ ಹತ್ತುವವರು ಬೆರಳೆಣಿಕೆಯಷ್ಟು. ಉದ್ದನೆಯ ಹಗುರ ದೋಟಿಗಳು ಬಂದಿವೆ, ನೆಲದಲ್ಲಿ ನಿಂತೇ ಔಷಧಿ ಹೊಡೆಯಬಹುದು. ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಮನೆಗಳಲ್ಲಿ ವಯಸ್ಸಾದವರಿದ್ದಾರೆ. ರಾತ್ರಿ ನಾಲ್ಕು ಮನೆಯವರು ಮೆಟ್ಟುಕತ್ತಿಯ ಮೇಲೆ ಕೂತು ಕಥೆ ಹೇಳುತ್ತ ಅಡಿಕೆ ಸುಲಿಯುತ್ತಿದ್ದ ಜಾಗಕ್ಕೆ ಸುಲಿಯುವ ಯಂತ್ರ ಬಂದಿದೆ. ಹಳೆಯದೆಲ್ಲ ಚೆನ್ನಾಗಿತ್ತು ಎನ್ನುವವನು ನಾನಲ್ಲ. ಮರದಿಂದ ಬಿದ್ದು ಸೊಂಟ ಕಳೆದುಕೊಂಡ ಕೊನೆಗೌಡರನ್ನು ನೋಡಿದವನಿಗೆ ದೋಟಿಯ ಬೆಲೆ ಗೊತ್ತು. ಆದರೆ ಕೊಳೆರೋಗಕ್ಕೆ ಇವತ್ತಿಗೂ ತೋಟದ ಗಡಿ ಗೊತ್ತಿಲ್ಲ. ಆದ್ದರಿಂದ ನೆರೆಮನೆಯ ಅಗತ್ಯವೂ ತೀರಿಲ್ಲ. ಕೆಳಮನೆಯಲ್ಲಿ ಈಗ ದೊಡ್ಡಪ್ಪ ಇಲ್ಲ. ದೊಡ್ಡಮ್ಮ ಒಬ್ಬರೇ ಇದ್ದಾರೆ. ರೋಹಿಣಿ ಮಳೆ ಬಂತೆಂದರೆ ನಮ್ಮ ಮನೆಯ ಔಷಧಿ ಮೊದಲು ಇಳಿಯುವುದು ಬಸಿಗಾಲುವೆಯ ಆಚೆಯ ಆ ತೋಟಕ್ಕೆ. ಅವರು ಸಂಕೋಚಪಟ್ಟರೆ, ನಿಮ್ಮ ತೋಟಕ್ಕೆ ಕೊಳೆ ಬಂದರೆ ನನ್ನದು ಉಳಿಯುವುದಿಲ್ಲ ಎನ್ನುತ್ತೇನೆ. ದೊಡ್ಡಮ್ಮ ನಗುತ್ತಾರೆ. ಈ ಮಾತು ಎಲ್ಲಿಂದ ಬಂತೆಂದು ಅವರಿಗೆ ಗೊತ್ತು.

ಈಗ ಶಾಲೆಯಲ್ಲಿ ಓದುತ್ತಿರುವ ಮಕ್ಕಳಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಮನೆಯ ಹಿತ್ತಲು, ಕೊಟ್ಟಿಗೆ, ತೋಟಗಳಲ್ಲಿ ದಿನವೂ ನಡೆಯುವ ಕೆಲಸಗಳಲ್ಲಿ ಒಂದನ್ನು ಆರಿಸಿ, ಇದನ್ನು ಮೊದಲು ಮಾಡಿದವರು ಯಾರು, ಊರಿಗೆ ಹೇಗೆ ಬಂತು ಎಂದು ಹಿರಿಯರನ್ನು ಕೇಳಿ. ಉತ್ತರ ಹೇಳುವವರು ಇರುವಾಗಲೇ ಕೇಳಿ. ನನ್ನ ಅಜ್ಜ ಆ ಕಥೆ ಹೇಳಿದ್ದು ಮಳೆಗಾಲದಲ್ಲಿ, ಆ ವರ್ಷದ ಚಳಿಗಾಲಕ್ಕೆ ಅವರಿರಲಿಲ್ಲ. ಮೇಷ್ಟ್ರು ಆ ಮನೆಗೆಲಸ ಕೊಡದೆ ಇದ್ದಿದ್ದರೆ ಕೊಟ್ಟೆಯ ಕಥೆ ಅವರ ಜೊತೆಗೇ ಹೋಗುತ್ತಿತ್ತು.

ಸುವರ್ಣ ಮಹೋತ್ಸವದ ನೆನಪಿಗೆ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಹೊಸ ಪ್ರಯೋಗಾಲಯ ಕಟ್ಟಿಸಿದ್ದಾರೆ. ನನ್ನ ಪಾಲಿಗೆ ಅದರ ಗೋಡೆಗೆ ಹಾಕಲು ಕೋಲ್ಮನ್ ಅವರದೊಂದು ಪಟ ಕಟ್ಟಿಸಿ ಕೊಡುತ್ತಿದ್ದೇನೆ. ಅದರ ಕೆಳಗಿನ ಮೇಜಿನ ಮೇಲೆ ಒಂದು ಲೋಟ ಮೈಲುತುತ್ತದ ನೀರು ಮತ್ತು ಒಂದು ಕಬ್ಬಿಣದ ಮೊಳೆ ಯಾವಾಗಲೂ ಇರಲಿ ಎಂದು ವಿಜ್ಞಾನದ ಶಿಕ್ಷಕರಲ್ಲಿ ಕೇಳಿಕೊಂಡಿದ್ದೇನೆ. ಆಗಲಿ ಎಂದಿದ್ದಾರೆ.